ಪಲ್ಪರ್ ನೀರು

ಗುರುಸಿದ್ದಮ್ಮ ಗೊಬ್ಬರದ ಚೀಲವನ್ನು ತಲೆಕೆಳಗು ಮಾಡಿ ಕೊಡವಿದಳು. ಒಣಗಲು ಹರಡಿದ್ದ ಕಾಫಿ ಬೀಜದ ಮೇಲೆ ಸತ್ತ ನೀರುನಾಯಿ ಮರಿಯೊಂದು ಬಿತ್ತು. ಒದ್ದೆ ಕೂದಲು ಮೈಗಂಟಿ ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು. ಮುಂಗಾಲೆರಡೂ ಎಳೆಗೂಸಿನ ಕೈಗಳಂತೆ ಎದೆಯ ಮೇಲೆ ಮಡಚಿಕೊಂಡಿದ್ದವು.

ಕಣದಲ್ಲಿ ಬೀಜ ಕೆದಕುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆಯುವ ಪಲ್ಪರ್ ಯಂತ್ರದ ಹತ್ತಿರವಿದ್ದ ನಿರಂಜನ್ ಓಡಿಬಂದ. ಅವನು ಅವಳ ಮೈದುನನ ಮಗ. ತೋಟವೂ ಅವನದೇ, ಮೇಲಿನ ಹೋಂಸ್ಟೇಯೂ ಅವನದೇ.

“ಏನ್ ದೊಡ್ಡಮ್ಮ ಇದು? ಮೇಲೆ ಗೆಸ್ಟ್‌ಗಳಿದಾರೆ, ಮೆತ್ತಗೆ.”

“ಅವ್ರಿಗೂ ತೋರ್ಸು. ನೀರುನಾಯಿ ನೋಡೋಕೆ ತಾನೆ ಬಂದಿರೋದು? ಗೇಟಲ್ಲಿ ಚಿತ್ರ ಬರ್ಸಿದೀಯಲ್ಲ, ಹಲ್ ಕಿರ್ಕೊಂಡು ಕೂತೈತೆ.”

“ನಾಯಿ ಕಚ್ಚಿರ್ಬೇಕು.”

“ಎಲ್ಲೋ ಗಾಯ? ಹೊಟ್ಟೆಗಿಲ್ದೆ ಸತ್ತೈತೆ. ನೀನು ಪಲ್ಪರ್ ನೀರನ್ನ ಹಳ್ಳಕ್ಕೆ ಬಿಟ್ಮೇಲೆ ಒಂದ್ ಏಡಿ ಉಳೀಲಿಲ್ಲ, ಮೀನೆಲ್ಲ ಹೊಟ್ಟೆ ಮೇಲೆ ಮಾಡ್ಕೊಂಡು ತೇಲಿದ್ವು. ತಾಯಿ ಏನ್ ತಿಂದು ಹಾಲು ಕೊಡ್ತದೆ?”

ಇನ್ನೆರಡು ಮರಿಗಳು ಬದುಕಿದ್ದವು. ಬೆಳಿಗ್ಗೆ ಬಟ್ಟೆ ಒಗೆಯಲು ಹಳ್ಳಕ್ಕೆ ಇಳಿದಾಗ ಅವಳು ನೋಡಿದ್ದಳು. ನಾರುವ ಕಂದು ನೊರೆಯೊಳಗೆ ತಾಯಿ ಬಂಡೆಗಳ ಅಡಿ ತಡಕುತ್ತಿತ್ತು. ಮರಿಗಳು ದಡದಲ್ಲಿ ಸಿಳ್ಳೆ ಹಾಕಿದಂತೆ ಕೂಗುತ್ತಿದ್ದವು. ಇವತ್ತೂ ನೀರು ಬಿಟ್ಟರೆ ಅವೂ ಉಳಿಯುವುದಿಲ್ಲ.

“ಕೊಳೆನೀರಿನ ಗುಂಡಿ ತುಂಬೋಗಿದೆ ದೊಡ್ಡಮ್ಮ. ಹೊಸ್ದು ತೆಗ್ಸೋ ತನ್ಕ ಏನ್ ಮಾಡ್ಲಿ?”

“ಅಲ್ಲೀತನ್ಕ ಪಲ್ಪರ್ ನಿಲ್ಸು.”

“ಹಣ್ಣು ಕೊಳೀತದೆ.”

“ಸಿಪ್ಪೆ ಸಮೇತ ಹಾಗೇ ಒಣ್ಗಾಕು. ನಿಮ್ತಾತನ ಕಾಲ್ದಲ್ಲಿ ಪಲ್ಪರ್ ಇತ್ತೇನೋ?”

ನಿರಂಜನ್ ದನಿ ತಗ್ಗಿಸಿದ. “ಮೊನ್ನೆ ಬಿಟ್ಟ ನೀರು ಯಾರ ಹಣ್ಣಿಂದು ಹೇಳಿ? ನಿಮ್ದೇ. ಇವತ್ತು ಮೊದ್ಲು ಹಾಕೋದೂ ನಿಮ್ದೇ. ಅಲ್ನೋಡಿ.”

ಯಂತ್ರದ ಪಕ್ಕದಲ್ಲಿ ಅವಳ ಚೀಲಗಳು ಒಂದಕ್ಕೊಂದು ಒರಗಿ ನಿಂತಿದ್ದವು. ಅವಳೇ ಬಾಯಿ ಕಟ್ಟಿ ಮಗ ಮಂಜೇಶನ ಜೀಪಿನಲ್ಲಿ ಕಳಿಸಿದ್ದವು. ಇಷ್ಟು ವರ್ಷವೂ ಕೆಂಪು ಹಣ್ಣು ಇಲ್ಲಿಗೆ ಬಂದಿತ್ತು, ಬಿಳಿ ಬೀಜವಾಗಿ ಮನೆಗೆ ಮರಳಿತ್ತು. ನಡುವೆ ಹರಿದ ನೀರು ಎಲ್ಲಿಗೆ ಹೋಯಿತೆಂದು ಅವಳು ಕೇಳಿರಲಿಲ್ಲ. ಸಿಟ್ಟು ಇಳಿಯಲಿಲ್ಲ, ಈಗ ಅದರಲ್ಲೊಂದು ಪಾಲು ಅವಳ ಮೇಲೆಯೇ ತಿರುಗಿತ್ತು.

ಅವಳು ಚೀಲಗಳನ್ನೇ ನೋಡುತ್ತಿದ್ದುದು ಕಂಡು ನಿರಂಜನ್ ನಕ್ಕ. “ಹೋಗ್ಲಿ ಬಿಡಿ. ಈ ಸಲ ನಿಮ್ಮತ್ರ ಪಲ್ಪರ್ ಬಾಡ್ಗೆ ಇಸ್ಕೊಳಲ್ಲ. ಬೀಜ ತೊಳ್ಸಿ ಮನೇಗೇ ಕಳಿಸ್ತೀನಿ. ಹಾಗೇ ಒಣಗ್ಸಿದ್ರೆ ಏನ್ ರೇಟ್ ಸಿಗ್ತದೆ, ನಿಮಗ್ಗೊತ್ತಿಲ್ವಾ?”

ಗೊತ್ತಿತ್ತು. ಅವಳು ಯಂತ್ರದವರೆಗೆ ನಡೆದು ಒಂದು ಚೀಲದ ಮೇಲೆ ಅಂಗೈ ಇಟ್ಟಳು. ಒಳಗಿನ ಹಣ್ಣು ಆಗಲೇ ಬೆಚ್ಚಗಾಗಿತ್ತು. ಯಂತ್ರ ನೋಡಿಕೊಳ್ಳುವ ಪ್ರಸಾದ್ ಸ್ವಿಚ್ಚಿನ ಮೇಲೆ ಕೈಯಿಟ್ಟು ಕಾಯುತ್ತಿದ್ದ.

“ಹಾಕ್ಲಾ ಅಮ್ಮ?”

“ಬೇಡ,” ಎಂದಳು ಗುರುಸಿದ್ದಮ್ಮ. “ನನ್ ಹಣ್ಣು ಇದ್ಕೆ ಹಾಕ್ಬೇಡ.”