ಹನ್ನೆರಡು ನಿಮಿಷ, ವಿಷಯಕ್ಕೆ ಸಂಬಂಧವಿಲ್ಲ

ನಾನು ಮೆಲ್ಬರ್ನಿನ ವಿಶ್ವವಿದ್ಯಾಲಯವೊಂದರಲ್ಲಿ ಚೀನಾದ ಸಮಾಜ, ಶಿಕ್ಷಣಗಳ ಬಗ್ಗೆ ಪಾಠ ಹೇಳುತ್ತೇನೆ. ಯುಗಾದಿ ಊಟಕ್ಕೆ ಹೋದಲ್ಲೆಲ್ಲ ಯಾರಾದರೊಬ್ಬರು ಹೋಳಿಗೆ ಬಡಿಸುತ್ತಾ, "ಸಂಧ್ಯಾರಾಣಿ, ಚೀನಾನೇ ಯಾಕ್ರೀ? ಬೇರೆ ಸಬ್ಜೆಕ್ಟ್ ಸಿಗ್ಲಿಲ್ವಾ?" ಎಂದು ಕೇಳಿಯೇ ಕೇಳುತ್ತಾರೆ. ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿದೆ. ಅವ್ವ ಮಾತ್ರ ಒಮ್ಮೆಯೂ ಹಾಗೆ ಕೇಳಲಿಲ್ಲ. "ಯಾವ ಭಾಷಾನರ ಕಲಿ, ಛಲೋತ್ನಂಗ ಕಲಿ" ಅನ್ನುತ್ತಿದ್ದಳು.

ಅವ್ವ, ಹುಬ್ಬಳ್ಳಿಯ ಗಿರಿಜವ್ವ, ತೀರಿಕೊಂಡು ನಾಲ್ಕು ವರ್ಷವಾಯಿತು. ಕ್ಯಾಮೆರಾ ಕಂಡರೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದವಳು; ಅವಳ ದನಿ ನಮ್ಮ ಯಾರ ಫೋನಿನಲ್ಲೂ ಇಲ್ಲ. ಇರುವುದು ಒಂದೇ ಕಡೆ, ನನ್ನ ಹಳೆಯ ಸಂಶೋಧನೆಯ ರೆಕಾರ್ಡಿಂಗಿನಲ್ಲಿ. ಕಳೆದ ತಿಂಗಳು ವಿಶ್ವವಿದ್ಯಾಲಯದಿಂದ ಮೇಲ್ ಬಂತು. ಅಧ್ಯಯನದ ಅವಧಿ ಮುಗಿದಿದೆ, ರೆಕಾರ್ಡಿಂಗುಗಳನ್ನು ಮೂವತ್ತನೇ ತಾರೀಖು ಅಳಿಸಲಾಗುವುದು, ಉಳಿಸಬೇಕಾದರೆ ಸಂದರ್ಶನ ಕೊಟ್ಟವರ ಹೊಸ ಸಹಿ ಬೇಕು.

ಅದು ಹದಿನೈದು ವರ್ಷದ ಹಿಂದಿನ ಮಾತು. ವಲಸೆ ಬಂದ ಚೀನಿ ಅಜ್ಜಿಯರು ಮೊಮ್ಮಕ್ಕಳಿಗೆ ಮನೆಯಲ್ಲಿ ತಮ್ಮ ಲಿಪಿ ಹೇಗೆ ಕಲಿಸುತ್ತಾರೆ ಎಂಬುದು ನನ್ನ ವಿಷಯ. ಸಿಡ್ನಿಯ ಲಿವರ್‌ಪೂಲ್ ಬಡಾವಣೆಯಲ್ಲಿದ್ದ ಶೆನ್ ಅಜ್ಜಿಯ ಮನೆಗೆ ಹೋಗುವಾಗ, ವಿಸಿಟರ್ ವೀಸಾದ ಮೇಲೆ ಬಂದಿದ್ದ ಅವ್ವನನ್ನೂ ಆರು ವರ್ಷದ ಮಗಳು ನಿವೇದಿತಾಳನ್ನೂ ಕರೆದೊಯ್ದಿದ್ದೆ. ಶೆನ್ ಅಜ್ಜಿ ಮೊಮ್ಮಗನಿಂದ ಅಕ್ಷರ ಬರೆಸುತ್ತಿದ್ದಾಗ ಇವರಿಬ್ಬರೂ ಮೂಲೆಯಲ್ಲಿ ಏನೋ ಗುಸುಗುಸು ನಡೆಸಿದ್ದರು. ಆಮೇಲೆ ರೆಕಾರ್ಡಿಂಗನ್ನು ಬರಹಕ್ಕಿಳಿಸುವಾಗ ಆ ಭಾಗವನ್ನು ಕೇಳದೆ ಓಡಿಸಿ, "ಹನ್ನೆರಡು ನಿಮಿಷ, ವಿಷಯಕ್ಕೆ ಸಂಬಂಧವಿಲ್ಲ" ಎಂದು ಟೈಪ್ ಮಾಡಿ ಕೈತೊಳೆದುಕೊಂಡಿದ್ದೆ.

"ಸುಮ್ನೆ ಕಾಪಿ ಮಾಡ್ಕೊಂಬಿಡು, ಯಾರ್ ನೋಡ್ತಾರೆ?" ಎಂದ ಗಂಡ ಗೌರೀಶ. ನಿಯಮ ಮುರಿಯಬೇಡಿ ಎಂದು ಪ್ರತಿ ಸೆಮಿಸ್ಟರ್ ವಿದ್ಯಾರ್ಥಿಗಳೆದುರು ಗಂಟಲು ಹರಿದುಕೊಳ್ಳುವವಳು ನಾನೇ. ಸಿಡ್ನಿಗೆ ಟಿಕೆಟ್ ಬುಕ್ ಮಾಡಿದೆ.

ಶೆನ್ ಅಜ್ಜಿಗೆ ಈಗ ಎಂಬತ್ತೊಂಬತ್ತು. ನನ್ನ ಗುರುತು ಹತ್ತಲಿಲ್ಲ. ಅವರ ಭಾಷೆಯಲ್ಲೇ ಎಲ್ಲ ವಿವರಿಸಿದ ಮೇಲೆ, "ಗಟ್ಟಿ ರೊಟ್ಟಿ ತಂದಿದ್ದರಲ್ಲ, ಅವರ ಮಗಳೇ ನೀನು?" ಎಂದರು. ಇಡೀ ದಿನ ಪ್ರಶ್ನೆ ಕೇಳಿದವಳು ನಾನು, ನೆನಪಿರುವುದು ಅವ್ವನ ಖಡಕ್ ರೊಟ್ಟಿ! ನಗುವೂ ಬಂತು, ಅಳುವೂ ಬಂತು.

"ಮೊದಲು ಕೇಳಿಸು, ಸಹಿ ಆಮೇಲೆ" ಎಂದರು ಅಜ್ಜಿ. ಲ್ಯಾಪ್‌ಟಾಪ್ ತೆರೆದೆ. ಅವ್ವ ಹೋದ ಮೇಲೆ ಅದನ್ನು ಕೇಳುವ ಧೈರ್ಯ ನನಗೂ ಬಂದಿರಲಿಲ್ಲ.

"ಹಂಗಲ್ಲ ನನ್ನ ಕಂದಾ, ಮ್ಯಾಲಿಂದ ಎಳಕೊಂಡ ಬಾ. ಹಾಂ, ಶಾಣ್ಯಾಕಿ! ಈಗ ಓದು."

"ಅ... ಅವ್ವ. ಆಯಿ, ಇನ್ನೊಂದ ಬರೀಲೇನ?"

ಅದು ಅಜ್ಜಿಯನ್ನು 'ಆಯಿ' ಎನ್ನುತ್ತಿದ್ದ ನನ್ನ ನಿವೇದಿತಾ. ಈಗ ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ. ಅವಳ ಬಾಯಲ್ಲಿ ಇಂಥ ಕನ್ನಡವಿತ್ತೆಂಬುದೇ ನನಗೆ ಮರೆತಿತ್ತು. ಅಂದು ಆ ಕೋಣೆಯಲ್ಲಿ ಪಾಠ ಹೇಳುತ್ತಿದ್ದ ಅಜ್ಜಿಯರು ಇಬ್ಬರು; ನಾನು ಬರೆದುಕೊಂಡದ್ದು ಒಬ್ಬರದು.

ಹನ್ನೆರಡನೇ ನಿಮಿಷಕ್ಕೆ ಮೂರನೆಯ ದನಿ ಕೇಳಿಸಿತು. "ಅವ್ವಾ, ಸಾಕ, ಸುಮ್ನಿರ! ನನ್ನ ಕೆಲಸ ಕೆಡಸಬ್ಯಾಡ." ಆಮೇಲೆ ಕೊನೆಯವರೆಗೂ ಆ ಮೂಲೆಯಿಂದ ಒಂದು ಸದ್ದೂ ಇಲ್ಲ.

"ಅಮ್ಮನಿಗೆ ಏನಂದೆ?" ಶೆನ್ ಅಜ್ಜಿ ಕೇಳಿದರು.

ಸುಳ್ಳು ಹೇಳಬಹುದಿತ್ತು. ಅಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ. ಇದ್ದದ್ದನ್ನು ಇದ್ದ ಹಾಗೆ ಚೀನಿ ಭಾಷೆಗೆ ತಂದು ಹೇಳಿದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅಜ್ಜಿ ಕಾಗದ ಎಳೆದುಕೊಂಡು, ಒಂದೊಂದೇ ಗೆರೆ ಎಳೆದು ಹೆಸರು ಬರೆದರು. "ಪೂರ್ತಿ ಇಟ್ಟುಕೋ. ಆ ಕೊನೆಯ ಮಾತನ್ನೂ ಕತ್ತರಿಸಬೇಡ" ಎಂದರು.

ಮೆಲ್ಬರ್ನಿಗೆ ಮರಳಿ ಆ ಹಳೆಯ ಸಾಲನ್ನು ಅಳಿಸಿದೆ. ಹನ್ನೆರಡು ನಿಮಿಷದ ಮಾತನ್ನೆಲ್ಲ ಬರಹಕ್ಕಿಳಿಸಿದೆ. ಪ್ರತಿ ಮಾತಿನ ಮುಂದೆ ಆಡಿದವರು ಯಾರೆಂದು ಬರೆಯುವುದು ನಮ್ಮ ಪದ್ಧತಿ. ಅಜ್ಜಿ, ಮೊಮ್ಮಗಳು, ಅಜ್ಜಿ, ಮೊಮ್ಮಗಳು ಎಂದು ಬರೆಯುತ್ತಾ ಬಂದೆ. "ಸುಮ್ನಿರ" ಎಂಬಲ್ಲಿ ಅಭ್ಯಾಸಬಲದಿಂದ "ಸಂಶೋಧಕಿ" ಎಂದು ಟೈಪ್ ಮಾಡಿದೆ. ಮತ್ತೆ ಅದನ್ನು ಅಳಿಸಿ "ಮಗಳು" ಎಂದು ಬರೆದೆ.