ಅರ್ಧ ಚಹಾದ ಸಿಮ್ಮು

ಆ ವಾರವೆಲ್ಲ ಕಸ್ತೂರೆಮ್ಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಭಾನುವಾರ ಲಿಂಗಸುಗೂರಿನಲ್ಲಿ ತಂಗಿಯ ಮಗಳು ಭಾಗ್ಯಶ್ರೀಯ ಮದುವೆ. ಮಕ್ಕಳಿಲ್ಲದ ಕಸ್ತೂರೆಮ್ಮನ ಮನೆಯಲ್ಲಿದ್ದೇ ಹೈಸ್ಕೂಲು ಮುಗಿಸಿದ ಹುಡುಗಿ ಅದು. ಇವಳ ಕೈಯಡುಗೆ ಉಂಡು, ಇವಳಿಂದಲೇ ಜಡೆ ಹಾಕಿಸಿಕೊಂಡು ಬೆಳೆದವಳು. ಫೋನು ಮಾಡಿ ಹೇಳಿಬಿಟ್ಟಿದ್ದಳು: “ದೊಡ್ಡವ್ವ, ನೀ ಬಂದು ಅಕ್ಕಿಕಾಳು ಹಿಡಕೊಂಡು ನಿಂದ್ರೋತನಕ ನಾ ತಾಳಿ ಕಟ್ಟಿಸ್ಕೊಳ್ಳಂಗಿಲ್ಲ ನೋಡು.”

ಹುಡುಗಿಗೇನು, ಹೇಳಿಬಿಟ್ಟಳು. ಕಸ್ತೂರೆಮ್ಮ ಮಸ್ಕಿಯ ಆ ಮನೆ ಬಿಟ್ಟು ಯಾವ ಮದುವೆಗೂ ಹೋಗದೆ ಇಪ್ಪತ್ತೆರಡು ವರ್ಷವಾಗಿತ್ತು. ಆಗೊಮ್ಮೆ ಮನೆಮಂದಿಯೆಲ್ಲ ಮುದಗಲ್‌ನ ಮದುವೆಗೆ ಹೋದಾಗ ಕಳ್ಳರು ಬೀಗ ಮುರಿದು, ಅತ್ತೆಯ ಬಂಗಾರವಿದ್ದ ಟ್ರಂಕನ್ನೇ ಹೊತ್ತೊಯ್ದಿದ್ದರು. ಅಂದಿನಿಂದ ಗಂಡ ಜಂಬಣ್ಣನದು ಒಂದೇ ಕಾನೂನು: ಮನೆಯಲ್ಲಿ ಯಾವಾಗಲೂ ಒಬ್ಬರು ಇರಬೇಕು. ಆ ಒಬ್ಬರು ಯಾರು ಎಂದು ಯಾರೂ ಕೂತು ತೀರ್ಮಾನಿಸಲಿಲ್ಲ. ಅಂಥದ್ದನ್ನೆಲ್ಲ ಯಾರು ಕೂತು ತೀರ್ಮಾನಿಸುತ್ತಾರೆ? ಮದುವೆಗೆ, ತೊಟ್ಟಿಲಿಗೆ ಜಂಬಣ್ಣ ಇಸ್ತ್ರಿ ಅಂಗಿ ತೊಟ್ಟು ಹೋಗುತ್ತಿದ್ದ, ಬರುವಾಗ ಹೆಂಡತಿಗೆಂದು ನಾಲ್ಕು ಹೋಳಿಗೆ ಕಟ್ಟಿಸಿಕೊಂಡು ಬರುತ್ತಿದ್ದ. ಕೆಟ್ಟವನಲ್ಲ. ಬೀಜ-ಗೊಬ್ಬರದ ಅಂಗಡಿಯವನು, ಒಮ್ಮೆ ಹೆದರಿದವನು ಹೆದರಿಯೇ ಉಳಿದಿದ್ದ.

ಈ ಸಲ ಕಸ್ತೂರೆಮ್ಮ ಬಿಡಲಿಲ್ಲ. ಸಿಂಧನೂರಿನಲ್ಲಿ ಕರೆಂಟಿನ ಸಾಮಾನಿನ ಅಂಗಡಿ ಇಟ್ಟಿದ್ದ ತಮ್ಮನಿಗೆ ಹೇಳಿ ಕಳ್ಳರನ್ನು ಹಿಡಿಯುವ ಅಲಾರಾಂ ತರಿಸಿದಳು. ಅವನೇ ಬಂದು ಪಡಸಾಲೆಯ ಗೋಡೆಗೆ ಡಬ್ಬಿ, ಮಾಳಿಗೆಯ ಮೇಲೆ ಸೈರನ್ ಕೂರಿಸಿ ಹೋದ. ಬಾಗಿಲು ತೆರೆದರೆ ಸೈರನ್ ಕೂಗುತ್ತದೆ, ಡಬ್ಬಿ ತಾನಾಗಿಯೇ ಜಂಬಣ್ಣನಿಗೆ ಫೋನು ಹಚ್ಚುತ್ತದೆ. ಆದರೆ ಅದರ ಹೊಟ್ಟೆಗೊಂದು ಸಿಮ್ಮು ಬೇಕು.

“ಎರಡು ಮಾತು ಹೇಳ್ತೀನಿ ಕೇಳು,” ಎಂದ ಜಂಬಣ್ಣ. “ತಿಂಗಳಾ ಮುನ್ನೂರು ರೂಪಾಯಿ ಆ ಡಬ್ಬಿ ಬಾಯಾಗ ಹಾಕಂಗಿಲ್ಲ. ಮತ್ತ, ಶುಕ್ರವಾರ ನಾ ಲಗ್ನದ ಕೆಲ್ಸಕ್ಕ ಲಿಂಗಸುಗೂರಿಗೆ ಹೊಂಟೀನಿ. ಹನ್ನೊಂದಕ್ಕ ನೀ ಇಲ್ಲಿ ಬಾಗ್ಲಾ ತಗಿ. ಅಲ್ಲಿ ನನ್ನ ಫೋನ್ ಬಡೀಬೇಕು. ಬಡೀಲಿಲ್ಲಂದ್ರ ನೀ ಮನ್ಯಾಗ.”

“ಬಡೀತಂದ್ರ?”

“ಮೊದ್ಲ ಬಡೀಲಿ. ಬಡದ್ರ ನಿನಗ ಫೋನ್ ಹಚ್ಚಿ ಹೇಳ್ತೀನಿ.”

ಅಷ್ಟು ಸಾಕಾಗಿತ್ತು ಅವಳಿಗೆ. ಅವರ ಮನೆಯ ಗೋಡೆ ಮೊಳದಷ್ಟು ದಪ್ಪದ ಕಲ್ಲಿನದು, ಒಳಗೆ ಸಿಗ್ನಲ್ ಸಿಗುವುದೇ ಅಪರೂಪ. ತನ್ನ ಫೋನು, ಗಂಡನ ಫೋನು, ಪಕ್ಕದ ಮನೆಯ ತಿಮ್ಮವ್ವನ ಫೋನು ಮೂರನ್ನೂ ತಟ್ಟೆಯಲ್ಲಿಟ್ಟುಕೊಂಡು ಡಬ್ಬಿಯ ಮುಂದೆ ಆರತಿ ಎತ್ತುವವಳಂತೆ ನಿಂತಳು. ತಿಮ್ಮವ್ವನದು ಮಾತ್ರ ಎರಡು ಕಡ್ಡಿ ತೋರಿಸಿತು. ಯಾವ ಕಂಪನಿಯೆಂದು ಗುರುತಿಟ್ಟುಕೊಂಡು, ಚಪ್ಪಲಿ ಮೆಟ್ಟಿ ಸೀದಾ ಗೌಸ್‌ಸಾಬನ ಮೊಬೈಲ್ ಅಂಗಡಿಗೆ ನಡೆದಳು.

ಗೌಸ್‌ಸಾಬ್ ಒಂದೇ ಉಸಿರಿಗೆ ಶುರು ಮಾಡಿದ. “ದಿನಾ ಎರಡು ಜಿಬಿ ನೆಟ್ಟು, ಪಿಚ್ಚರ್ ಫ್ರೀ, ಹಾಡು ಫ್ರೀ. ಮಸ್ತ್ ಪ್ಲಾನ್ ಐತಿ ಅಕ್ಕಾರ, ಇಪ್ಪತ್ತೆಂಟು ದಿನಕ್ಕ ಮುನ್ನೂರ ಐವತ್ತು.”

“ಡಬ್ಬಿ ಪಿಚ್ಚರ್ ನೋಡ್ತೈತೇನು ಗೌಸ್‌ಸಾಬ್?”

“ಡಬ್ಬಿಗೇನ್ರಿ? ಹಂಗಾರ ನೆಟ್ಟು ದಿನಾ ಒಂದ ಜಿಬಿ ಇರೋದು...”

“ಒಂದೂ ಬ್ಯಾಡ, ಅರ್ಧಾನೂ ಬ್ಯಾಡ. ನೆಟ್ಟ ಬ್ಯಾಡ ಅದಕ್ಕ. ವರ್ಷಪೂರ್ತಿ ಜೀವ ಹಿಡ್ಕೊಂಡಿರಬೇಕು. ಕಳ್ಳ ಬಂದ್ರ ಇವ್ರಿಗೆ ಒಂದು ಫೋನ್ ಹಚ್ಚಬೇಕು. ಮಾತೂ ಆಡೋದು ಬ್ಯಾಡ, ಮಿಸ್ ಕಾಲ್ ಕೊಟ್ರ ಸಾಕು.”

ಮಿಸ್ ಕಾಲಿನ ವಿಷಯ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಜಂಬಣ್ಣನ ಅಂಗಡಿಯ ವ್ಯವಹಾರ ಅರ್ಧ ನಡೆದದ್ದೇ ಮಿಸ್ ಕಾಲಿನ ಮೇಲೆ. ರೈತರು ಫೋನು ಹಚ್ಚುತ್ತಿದ್ದರು, ಅವರ ರೊಕ್ಕ ಹೋಗಬಾರದೆಂದು ಇವನು ಕಟ್ ಮಾಡಿ ತಿರುಗಿ ಹಚ್ಚುತ್ತಿದ್ದ. ಈಗ ಮಾತು ಎಷ್ಟಾಡಿದರೂ ಪುಕ್ಕಟೆ, ಆದರೂ ಆ ಕೈಯ ರೂಢಿ ಹೋಗಿರಲಿಲ್ಲ.

ಗೌಸ್‌ಸಾಬ್ ತಲೆ ಕೆರೆದುಕೊಂಡ. “ಒಂದೈತಿ. ಯಾರೂ ಕೇಳಂಗಿಲ್ಲ, ಮಾರಿದ್ರ ನನಗೂ ಏನೂ ಗಿಟ್ಟಂಗಿಲ್ಲ. ನೆಟ್ಟಿಲ್ಲ, ಬರೇ ಮಾತು. ವರ್ಷಕ್ಕೊಮ್ಮೆ ಹಾಕಿಸಿದ್ರ ಮತ್ತ ಅದರ ಕಡಿ ನೋಡೋದ ಬ್ಯಾಡ. ದಿನದ ಲೆಕ್ಕ ಹಿಡದ್ರ ಅರ್ಧ ಚಾ.”

“ಅರ್ಧ ಚಾ!” ಕಸ್ತೂರೆಮ್ಮ ಕೂಗಿದ್ದಕ್ಕೆ ಪಕ್ಕದ ಅಂಗಡಿಯವರು ಇಣುಕಿ ನೋಡಿದರು. “ಮೊದ್ಲ ಯಾಕ ಹೇಳ್ಲಿಲ್ಲೋ ಮಾರಾಯಾ? ತಿಮ್ಮವ್ವನ ಕಂಪನಿದ ಕೊಡು.”

ಶುಕ್ರವಾರ ಹನ್ನೊಂದು ಹೊಡೆಯಿತು. ಕಸ್ತೂರೆಮ್ಮ ಹೊರಗೆ ಬಂದು ಬಾಗಿಲು ಎಳೆದು ಮುಚ್ಚಿದಳು, ಅಲಾರಾಂ ಚಾಲೂ ಮಾಡುವ ರಿಮೋಟ್ ಒತ್ತಿದಳು, ಶಿವಾ ಎಂದು ಬಾಗಿಲು ದೂಡಿದಳು. ಸೈರನ್ ಹೊಯ್ಕೊಂಡ ಹೊಡೆತಕ್ಕೆ ತಿಮ್ಮವ್ವ ಎರಡೂ ಕಿವಿ ಮುಚ್ಚಿಕೊಂಡಳು, ಕಟ್ಟೆಯ ಮೇಲಿನ ಕೋಳಿಗಳು ಮಾಳಿಗೆ ಹತ್ತಿದವು, ಬೀದಿಯ ಮಂದಿಯೆಲ್ಲ ಓಡಿ ಬಂದರು. “ಏನೂ ಇಲ್ರಪ್ಪಾ, ಪರೀಕ್ಷಾ ನಡಸೀನಿ!” ಎಂದು ನಗುನಗುತ್ತಾ ಎಲ್ಲರನ್ನೂ ಕಳಿಸಿ, ಸೈರನ್ ನಿಲ್ಲಿಸಿದಳು.

ಆಮೇಲೆ ತನ್ನ ಫೋನನ್ನು ಅಂಗೈಯಲ್ಲಿಟ್ಟುಕೊಂಡು, ತಿಮ್ಮವ್ವನ ಜೊತೆ ಪಡಸಾಲೆಯ ಬಾಗಿಲ ಬಳಿ, ಅದಕ್ಕೆ ಸಿಗ್ನಲ್ ಸಿಗುವಲ್ಲಿ ಕೂತಳು. ಒಂದು ನಿಮಿಷವಾಯಿತು. ಐದಾಯಿತು. ಜಂಬಣ್ಣನ ಫೋನು ಬರಲಿಲ್ಲ. ಗೋಡೆಯ ಮೇಲೆ ಡಬ್ಬಿಯ ಹಸಿರು ದೀಪವೊಂದು ಮಿಣಿಮಿಣಿ ಅನ್ನುತ್ತಿತ್ತು, ಅದೇನೆಂದು ಅವಳಿಗೆ ತಿಳಿಯಲಿಲ್ಲ. ಅಷ್ಟು ಹೊತ್ತಿನ ಉತ್ಸಾಹವೆಲ್ಲ ಒಮ್ಮೆಲೇ ಇಳಿದುಹೋಯಿತು.

“ಬಡೀಲಿಲ್ಲ ಕಾಣಸ್ತೈತಿ, ತಿಮ್ಮವ್ವ,” ಎಂದಳು. “ಹೋಗ್ಲಿ ಬಿಡು. ಆವತ್ತು ಕಳ್ಳರು ಬೀಗ ಮುರದ್ರು, ಇವ್ರು ಬೀಗದ ಬದ್ಲಿ ನನ್ನ ಹಾಕ್ಯಾರ. ಬೀಗಕ್ಕ ಯಾರು ಲಗ್ನಕ್ಕ ಬಾ ಅಂತಾರ? ಆದ್ರ ಆ ಕೂಸಿನ ತಲಿ ಬಾಚಿದ್ದು ಈ ಕೈ. ಒಂದು ಹಿಡಿ ಅಕ್ಕಿಕಾಳು ಹಾಕಿದ್ರ ಸಾಕಿತ್ತು ನನಗ.”

ತಿಮ್ಮವ್ವ ಅವಳ ಬೆನ್ನು ಸವರಿದಳು. ಕಸ್ತೂರೆಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಗ ಅಂಗೈಯಲ್ಲಿದ್ದ ಫೋನು ಬಡಿಯಿತು. ಜಂಬಣ್ಣ.

“ಬಡೀತು,” ಎಂದ.

“ಬಡೀತಾ? ಖರೇನ ಬಡೀತೇನ್ರಿ? ಮತ್ತ ಇಷ್ಟೊತ್ತು ಯಾಕ ಹೇಳ್ಲಿಲ್ರಿ?” ಅವಳು ಎದ್ದು ನಿಂತೇಬಿಟ್ಟಿದ್ದಳು.

“ಹೊಸ ನಂಬರ್ ಬಂತು. ಯಾರೋ ರೈತರಿರಬೇಕಂತ ಕಟ್ ಮಾಡಿ ತಿರುಗಿ ಹಚ್ಚಿದೆ. ಡಬ್ಬಿ ಎತ್ತಿಬಿಡ್ತು. ಮನ್ಯಾಗ ಆಡಿದ ಮಾತೆಲ್ಲಾ ಕೇಳಸ್ತೈತಿ ಅದರಾಗ.”

ಕಸ್ತೂರೆಮ್ಮ ನಾಲಿಗೆ ಕಚ್ಚಿಕೊಂಡಳು. “ಎಲ್ಲಾನ್ರಿ?”

“ಬೀಗದ್ದೂ ಕೇಳಿಸ್ತು,” ಎಂದು ಜಂಬಣ್ಣ ಫೋನಿಟ್ಟ.

ಸಂಜೆ ಅವನು ಬಂದ. ಕೈಚೀಲದಿಂದ ಮದುವೆಯ ಬಟ್ಟೆಗಳನ್ನು ತೆಗೆದಿಟ್ಟು, ಕೊನೆಗೆ ಕಾಗದದಲ್ಲಿ ಸುತ್ತಿದ್ದ ಭಾರದ ವಸ್ತುವೊಂದನ್ನು ಅವಳ ಮುಂದಿಟ್ಟ. ಬಿಚ್ಚಿದರೆ ಹೊಸ ಹಿತ್ತಾಳೆ ಬೀಗ.

“ಪ್ಯಾಟ್ಯಾಗ ನಿಂತು ನೆನಸ್ಕೊಂಡೆ,” ಎಂದ, ಅವಳ ಮುಖ ನೋಡದೆ. “ಆವತ್ತು ಮುರದಿದ್ದು ಬಿಟ್ರ ಈ ಮನಿಗೆ ಮತ್ತೊಂದು ಬೀಗ ನಾ ತಂದೇ ಇಲ್ಲ. ಇಪ್ಪತ್ತೆರಡು ವರ್ಷ, ಕಸ್ತೂರಿ. ಬೇಕಂತ ಅನಿಸೇ ಇಲ್ಲ ನನಗ.” ಎರಡು ಬೀಗದಕೈಗಳನ್ನೂ ಅವಳ ಕೈಯಲ್ಲೇ ಇಟ್ಟ. ನಗಬೇಕೋ ಅಳಬೇಕೋ ತಿಳಿಯದೆ ಅವಳು ಎರಡನ್ನೂ ಮಾಡಿದಳು.

ಭಾನುವಾರ ಬೆಳಗಾಗುವುದರೊಳಗೆ ಇಳಕಲ್ ಸೀರೆ ಉಟ್ಟು, ತಾನೇ ಬೀಗ ಹಾಕಿ, ಮೂರು ಸಲ ಜಗ್ಗಿ ನೋಡಿ, ರಿಮೋಟ್ ಒತ್ತಿ ಗಂಡನ ಜೊತೆ ಬಾಡಿಗೆ ಕಾರು ಹತ್ತಿದಳು. ಊರು ದಾಟಿತು. ಲಿಂಗಸುಗೂರಿಗೆ ಅರ್ಧ ದಾರಿ ಬಂದಿರಬೇಕು, ಅವಳಿಗೆ ತಡೆಯಲಾಗಲಿಲ್ಲ.

“ನಿಮ್ಮ ಫೋನ್ ಕೊಡ್ರಿ ಇಲ್ಲಿ.”

ಜಂಬಣ್ಣ ಡಬ್ಬಿಗೆ ಹಚ್ಚಿಯೇ ಕೊಟ್ಟ. ಎರಡು ರಿಂಗಾಗಿ ಅದು ಎತ್ತಿತು. ಕಸ್ತೂರೆಮ್ಮ ಕಾರಿನ ಗಾಜು ಏರಿಸಿ, ಒಂದು ಕಿವಿ ಮುಚ್ಚಿಕೊಂಡು ಕೇಳಿದಳು. ಪಡಸಾಲೆಯ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. ಬೆಳಕಿಂಡಿಯಲ್ಲಿ ಗುಬ್ಬಿಯೊಂದು ಕೂಗಿತು. ಮತ್ತೇನಿಲ್ಲ. ಆ ಮನೆಗೆ ಸೊಸೆಯಾಗಿ ಬಂದು ಇಷ್ಟು ವರ್ಷವಾದರೂ ಅದು ಒಬ್ಬಂಟಿಯಾಗಿರುವ ಸದ್ದನ್ನು ಅವಳು ಎಂದೂ ಕೇಳಿರಲಿಲ್ಲ.

“ಏನಂತೈತಿ ಮನಿ?” ಎಂದ ಜಂಬಣ್ಣ.

“ಆರಾಮ ಐತ್ರಿ. ನಾ ಇಲ್ದನೂ ಆರಾಮ ಐತಿ.”

ಫೋನು ಅವನ ಕೈಗಿತ್ತು, ಸೆರಗಿನ ತುದಿಯ ಬೀಗದಕೈ ಗಂಟನ್ನು ಮತ್ತೊಮ್ಮೆ ಬಿಗಿದು ಮುಂದಕ್ಕೆ ಬಾಗಿದಳು. “ಜಲ್ದಿ ಹೊಡಿಯಪ್ಪಾ ಗಾಡಿ,” ಎಂದಳು ಡ್ರೈವರನಿಗೆ, “ನಾ ಹೋಗೋತನಕ ಅಲ್ಲಿ ತಾಳಿ ಕಟ್ಟಂಗಿಲ್ಲ.”