ಬೇಲಿಯ ಕೆಳಗೆ ಒಂದು ಗೇಣು

ಆ ವಾರದಲ್ಲಿ ನಾಲ್ಕನೇ ಸಲ ನಾಯಿಗಳು ತಪ್ಪಿಸಿಕೊಂಡಾಗ ಹೊಲಿಗೆಯಕ್ಕ ತುಟಿಗಳ ನಡುವೆ ಪಿನ್ನುಗಳನ್ನು ಕಚ್ಚಿಕೊಂಡು ಗಿರಾಕಿಯೊಬ್ಬರ ಕೋಟಿನ ತೋಳು ಸರಿಮಾಡುತ್ತಿದ್ದಳು. ಹಿತ್ತಲಿನಲ್ಲಿ ತಗಡು ಬಿದ್ದ ಸದ್ದಾಯಿತು. ಆಮೇಲೆ ಏನೂ ಕೇಳಿಸಲಿಲ್ಲ. ಹಾಗೆ ಏನೂ ಕೇಳಿಸದಿದ್ದರೆ ಏನಾಗಿದೆ ಎಂದು ಅವಳಿಗೆ ಈಗ ಚೆನ್ನಾಗಿ ಗೊತ್ತಿತ್ತು. ಪಿನ್ನುಗಳನ್ನು ಬಾಯಿಂದ ತೆಗೆದು ಡಬ್ಬಿಗೆ ಹಾಕಿ, "ಒಂದ್ನಿಮಿಷ ಹಾಗೇ ನಿಂತಿರಿ, ಕೈ ಇಳಿಸ್ಬೇಡಿ" ಎಂದು ಹೇಳಿ, ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿದ್ದಂತೆಯೇ ಬೀದಿಗೆ ಓಡಿದಳು.

ಮುಕ್ಕಾಲು ಗಂಟೆಯ ಮೇಲೆ ಒಂದೇ ಹಗ್ಗಕ್ಕೆ ಎರಡೂ ನಾಯಿಗಳನ್ನು ಕಟ್ಟಿ ಎಳೆದುಕೊಂಡು ಬಂದಾಗ ಗಿರಾಕಿ ಹೋಗಿಯಾಗಿತ್ತು. ಕೋಟು ಕುರ್ಚಿಯ ಮೇಲೆ ಒಂದೇ ತೋಳಿನೊಂದಿಗೆ ಕೂತಿತ್ತು.

ನಾಯಿಗಳು ಅವಳವಲ್ಲ, ತಂಗಿಯವು. ತಂಗಿ ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಕೆಲಸದವಳು. ಮೇಲಿನ ಕಪಾಟಿಗೆ ಹತ್ತಿದ ಏಣಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಒಳಗೆ ಸರಳು ಹಾಕಿದರು, ಗಾಯ ಕೀವಾಯಿತು, ಮತ್ತೆ ಕೊಯ್ದರು. "ಹದಿನೈದೇ ದಿನ ಅಕ್ಕಾ, ಎಂಥ ಸಾಧು ಪ್ರಾಣಿಗಳು ಗೊತ್ತಾ, ಇದ್ದಾವೋ ಇಲ್ಲವೋ ಅಂತ ನಿಂಗೆ ಗೊತ್ತೇ ಆಗಲ್ಲ" ಎಂದು ಆಸ್ಪತ್ರೆಯ ಮಂಚದ ಮೇಲಿಂದ ಒಪ್ಪಿಸಿದ್ದಳು. ಆ ಹದಿನೈದು ದಿನಕ್ಕೆ ಈಗ ಹನ್ನೊಂದು ವಾರ ತುಂಬಿತ್ತು. ಇದ್ದಾವೋ ಇಲ್ಲವೋ ಗೊತ್ತಾಗುವುದಿಲ್ಲ ಎಂಬುದು ಮಾತ್ರ ನಿಜವಾಗಿತ್ತು. ಮುಕ್ಕಾಲು ಪಾಲು ಹೊತ್ತು ಅವು ಇರುತ್ತಲೇ ಇರಲಿಲ್ಲ.

ದೊಡ್ಡದರ ಹೆಸರು ಗೂಟ. ಕೂತಲ್ಲಿಂದ ಏಳುವುದಿಲ್ಲ ಎಂದು ತಂಗಿ ಹಾಗೆ ಹೆಸರಿಟ್ಟಿದ್ದಳಂತೆ. ಕಂದು ಬಣ್ಣದ, ಅಗಲ ಎದೆಯ ಗಂಡು. ಅಗೆಯುವುದರಲ್ಲಿ ಅದನ್ನು ಮೀರಿಸಿದ ಹೆಗ್ಗಣವಿಲ್ಲ. ಚಿಕ್ಕದು ಸೂಜಿ. ಬಿಳಿ ಮೈ, ಕಪ್ಪು ಮೂತಿ, ಬಡಕಲು ಹೆಣ್ಣು. ತಲೆ ತೂರುವಷ್ಟು ಸಂದಿ ಸಿಕ್ಕಿದರೆ ಸಾಕು, ಉಳಿದ ಮೈ ದಾರದ ಹಾಗೆ ಹಿಂದೆ ಬರುತ್ತಿತ್ತು. ಸಂದಿ ಸಿಗದಿದ್ದರೆ ಹಾರುತ್ತಿತ್ತು.

ಬೇಲಿಯೋ, ಅಕ್ಕ ತಂಗಿಯರ ಅಪ್ಪ ಹಿಂದೆ ತರಕಾರಿ ಮಡಿಗಳಿಗೆಂದು ಹಾಕಿಸಿದ ಸೊಂಟದೆತ್ತರದ ತಂತಿಬಲೆ. ಮೊದಲು ಗೂಟ ಅದರ ಕೆಳಗೆ ಒಂದು ಗೇಣು ಅಗೆಯಿತು. ಅಕ್ಕ ಇಟ್ಟಿಗೆ ಇಟ್ಟಳು. ಅದು ಇಟ್ಟಿಗೆಯ ಪಕ್ಕದಲ್ಲಿ ಅಗೆಯಿತು. ಇಟ್ಟಿಗೆ ಸಾಲು ಉದ್ದವಾದಂತೆ ಗುಂಡಿಯೂ ಮುಂದೆ ಮುಂದೆ ಸರಿಯಿತು. ಒಂದು ಭಾನುವಾರ ಪೂರ್ತಿ ಚಪ್ಪಡಿ ಕಲ್ಲು ಹೊತ್ತು ಸುತ್ತಲೂ ಹಾಸಿದಳು. ಆ ರಾತ್ರಿ ಕೈ ಎತ್ತಿ ತಲೆ ಬಾಚಿಕೊಳ್ಳಲೂ ಆಗಲಿಲ್ಲ. ಮರುದಿನ ಸೂಜಿ ನೀರಿನ ಡ್ರಮ್ಮಿನ ಮೇಲೆ ಹತ್ತಿ ಬೇಲಿ ಹಾರಿತು. ಡ್ರಮ್ಮು ಸರಿಸಿದರೆ ಸೌದೆ ರಾಶಿ. ಸೌದೆ ಸರಿಸಿದರೆ ಗೇಟಿನ ಸಂದಿ. ಸಂದಿಗೆ ತಗಡು ಕಟ್ಟಿದರೆ ಗೂಟ ಎದೆ ಕೊಟ್ಟು ತಗಡನ್ನೇ ಬೀಳಿಸಿತು. ಒಂದು ತೂತು ಮುಚ್ಚಿದರೆ ಹತ್ತು ತೂತು. ಬೇಲಿ ರಿಪೇರಿಗೆ ಬಂದ ವೆಲ್ಡರ್ ಎರಡು ಸಲ ಕೆಲಸ ಮಾಡಿ, ಮೂರನೇ ಸಲ ಕರೆದಾಗ, "ಅಕ್ಕಾ, ಇದಕ್ಕಿಂತ ನಿಮ್ಮನ್ನ ಒಳಗಿಟ್ಟು ಬೀಗ ಹಾಕೋದು ಸುಲಭ" ಎಂದು ನಕ್ಕುಬಿಟ್ಟ. ಅವಳಿಗೂ ಒಂದು ಕ್ಷಣ ಅದೇ ಒಳ್ಳೆಯದೆನ್ನಿಸಿತು. ಯಾರಾದರೂ ಬೀಗ ಹಾಕಿ ಹೋದರೆ ಎರಡು ದಿನ ನಿದ್ದೆಯಾದರೂ ಮಾಡಬಹುದಿತ್ತು.

ನರ್ಸಿಂಗ್ ಹೋಮೊಂದರ ಸಿಬ್ಬಂದಿಗೆ ಎಂಬತ್ತು ಜೊತೆ ಹಸಿರು ಸಮವಸ್ತ್ರ ತಿಂಗಳ ಕೊನೆಗೆ ಕೊಡಬೇಕಿತ್ತು. ಮುಗಿದದ್ದು ಮೂವತ್ತೆರಡು.

ಸಂಜೆ ಆರಕ್ಕೆ ತಪ್ಪದೆ ತಂಗಿಯ ಫೋನು.

"ನನ್ನ ಮಕ್ಕಳು ಏನ್ ಮಾಡ್ತಿದ್ದಾವೆ?"

"ಉಂಡು ಬಿದ್ಕೊಂಡಿದ್ದಾವೆ" ಎನ್ನುತ್ತಿದ್ದಳು ಅಕ್ಕ, ಎಷ್ಟೋ ಸಲ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು ಬೀದಿಯ ಮೂಲೆಯಲ್ಲಿ ನಿಂತು, ಅವು ಯಾವ ಕಡೆಗೆ ಹೋದವೋ ಎಂದು ನೋಡುತ್ತ.

"ತೊಂದರೆ ಕೊಡ್ತಿಲ್ಲ ತಾನೇ?"

"ಏನಿಲ್ಲ. ನಿನ್ ಸೊಂಟ ಹೇಗಿದೆ ಹೇಳು."

ಸೊಂಟ ಹೇಗಿದ್ದರೂ ತಂಗಿ "ಪರವಾಗಿಲ್ಲ" ಎನ್ನುತ್ತಿದ್ದಳು. ಇಬ್ಬರೂ ಫೋನಿಟ್ಟು ಒಂದು ನಿಟ್ಟುಸಿರು ಬಿಡುತ್ತಿದ್ದರು.

ಕೋಟಿನ ಘಟನೆಯಾದ ಎರಡನೇ ದಿನ ಮತ್ತೆ ಎರಡೂ ಹೋದವು. ಸಂಜೆಗೆ ಗೂಟ ಒಂದೇ ವಾಪಸು ಬಂತು. ಗೇಟಿನ ಮುಂದೆ ಕೂತು, ಬಾಲ ನೆಲಕ್ಕೆ ಒತ್ತಿ, ಬಂದ ದಾರಿಯನ್ನೇ ನೋಡುತ್ತಿತ್ತು. ಅಕ್ಕ ಕತ್ತಲಾಗುವವರೆಗೆ ಹುಡುಕಿದಳು. ಮರುದಿನ ಬೆಳಿಗ್ಗೆ ಹುಡುಕಿದಳು, ಮಧ್ಯಾಹ್ನ ಹುಡುಕಿದಳು. ಮಾಂಸದಂಗಡಿಯ ಹಿಂದೆ, ಶಾಲೆಯ ಮೈದಾನದಲ್ಲಿ, ಬಸ್ಸು ನಿಲ್ಲುವ ಕಡೆ. "ಬಿಳೀ ನಾಯಿ, ಕಪ್ಪು ಮೂತಿ" ಎಂದು ಹೇಳಿ ಹೇಳಿ ಆ ಮಾತಿಗೆ ಅರ್ಥವೇ ಇಲ್ಲದಂತಾಯಿತು.

"ಸೂಜಿ ಸದ್ದೇ ಕೇಳಿಸ್ತಿಲ್ಲ, ಫೋನ್ ಬಂದ್ರೆ ಬೊಗಳ್ತಾಳಲ್ಲ" ಎಂದಳು ತಂಗಿ ಆ ಸಂಜೆಯ ಫೋನಿನಲ್ಲಿ.

"ನಿದ್ದೆ ಮಾಡ್ತಿದೆ" ಎಂದಳು ಅಕ್ಕ.

ಮೂರನೇ ದಿನ ಬೆಳಿಗ್ಗೆ ಬೇಲಿಯಾಚೆಯ ಮನೆಯ ಪೋಸ್ಟಣ್ಣ ಗೇಟಿನ ಹತ್ತಿರ ಬಂದು ಕೆಮ್ಮಿದರು. ಮೂವತ್ತೊಂದು ವರ್ಷ ಟಪಾಲು ಹಂಚಿ ನಿವೃತ್ತರಾದವರು. ನಾಯಿ ಕಂಡರೆ ಬೀದಿಯ ಆಚೆ ಬದಿಗೆ ದಾಟುವವರು. ಗೂಟ ಅವರ ಹೂವಿನ ಪಾತಿ ಅಗೆದಾಗೆಲ್ಲ ಬೇಲಿಯ ಮೇಲಿಂದ ಒಂದು ಮಾತೂ ಆಡದೆ ಮುರಿದ ಗಿಡವನ್ನು ಎತ್ತಿ ತೋರಿಸಿ ಒಳಗೆ ಹೋಗುತ್ತಿದ್ದರು. ಬೈದಿದ್ದರೇ ವಾಸಿಯಿತ್ತು.

"ಇವತ್ತೇನು ಕಿತ್ತುಹಾಕಿದೆ?" ಎಂದಳು ಅಕ್ಕ. ಕ್ಷಮೆ ಕೇಳುವಷ್ಟು ತ್ರಾಣವೂ ಅವಳಲ್ಲಿರಲಿಲ್ಲ.

"ಏನೂ ಕಿತ್ತಿಲ್ಲ. ಅದಕ್ಕೇ ಬಂದೆ. ಚಿಕ್ಕದು ಮೂರು ದಿನದಿಂದ ಕಾಣಿಸ್ತಿಲ್ಲವಲ್ಲಮ್ಮ?"

ಅವಳು ತಲೆಯಾಡಿಸಿದಳು.

"ಎಲ್ಲೆಲ್ಲಿ ಹುಡುಕಿದ್ರಿ?"

ಹೇಳಿದಳು. ಪೋಸ್ಟಣ್ಣ ಕಣ್ಣು ಮುಚ್ಚಿ ಕೇಳಿಸಿಕೊಂಡರು.

"ಎಲ್ಲಾ ಬಯಲು ಜಾಗ. ಹೆದರಿದ ನಾಯಿ ಬಯಲಿಗೆ ಬರಲ್ಲ. ಗೋಡೆಗೆ ಮೈ ಸವರ್ಕೊಂಡು ಹೋಗುತ್ತೆ, ಇಕ್ಕಟ್ಟು ಸಿಕ್ಕಿದ ಕಡೆ ತೂರ್ಕೊಳ್ಳುತ್ತೆ. ಒಂಬತ್ತು ಸಲ ಕಚ್ಚಿಸ್ಕೊಂಡಿದ್ದೀನಿ ನಾನು. ಯಾವ ಮನೆ ನಾಯಿ ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ ಅಂತ ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರ್ಬೇಕು? ಚಪ್ಪಲಿ ಹಾಕ್ಕೊಳ್ಳಿ."

ಮನೆಗಳ ಹಿಂಬದಿಯ ಓಣಿಗಳಲ್ಲಿ ಅವರು ಅವಳನ್ನು ನಡೆಸಿಕೊಂಡು ಹೋದರು. ಕೊನೆಗೆ ಮುಟ್ಟಿದ್ದು ಮರದ ಅಡ್ಡೆಗೆ. ಆಳೆತ್ತರ ಪೇರಿಸಿಟ್ಟ ಹಲಗೆಗಳ ಎರಡು ರಾಶಿಗಳ ನಡುವೆ ಮೊಣಕೈಯಷ್ಟು ಅಗಲದ ಸಂದಿ. ಒಳಗೆ ದೂರದಲ್ಲಿ ಬಿಳಿಯದೇನೋ ಮುದುಡಿಕೊಂಡಿತ್ತು. ಮುಂಗಾಲಿನ ಮೇಲೆ ರಕ್ತ ಒಣಗಿ ಕಪ್ಪಾಗಿತ್ತು.

ಅಕ್ಕ ಮರದ ಹೊಟ್ಟಿನ ಮೇಲೆ ಬೋರಲು ಮಲಗಿ ಕೈ ಚಾಚಿದಳು. ಕರೆದಳು. ಸೂಜಿ ಇನ್ನೂ ಹಿಂದಕ್ಕೆ ಸರಿಯಿತು. ಬಿಸ್ಕತ್ತು ತೋರಿಸಿದಳು, ಗದರಿದಳು, ಬೇಡಿಕೊಂಡಳು. ಪೋಸ್ಟಣ್ಣ ನಾಲ್ಕು ಮಾರು ದೂರ ನಿಂತು ಕೊಡೆಯನ್ನು ಎದೆಗೆ ಅಡ್ಡ ಹಿಡಿದಿದ್ದರು.

ಕೊನೆಗೆ ಅವಳು ಕರೆಯುವುದನ್ನು ಬಿಟ್ಟಳು. ಉಪಾಯವೇನಲ್ಲ, ಸುಸ್ತಾಗಿತ್ತು ಅಷ್ಟೇ. ಚಾಚಿದ ಕೈಯ ಮೇಲೆ ಕೆನ್ನೆಯಿಟ್ಟು ಹಾಗೇ ಮಲಗಿಬಿಟ್ಟಳು. ಹೊಟ್ಟು ಮೆತ್ತಗಿತ್ತು. ಹಗಲು ಹೊತ್ತಿನಲ್ಲಿ ಮಲಗಿ ಎಷ್ಟು ಕಾಲವಾಯಿತೋ. ಕಣ್ಣೀರು ತಾನಾಗಿ ಇಳಿಯಿತು, ಒರೆಸಿಕೊಳ್ಳಲೂ ಹೋಗಲಿಲ್ಲ. ಎಷ್ಟು ಹೊತ್ತು ಕಳೆಯಿತೋ, ಬೆರಳುಗಳಿಗೆ ಒದ್ದೆಯಾದ ಮೂತಿ ತಾಗಿತು. ಆಮೇಲೆ ಅವಳ ತೋಳಿನ ಮೇಲೆ ಒಂದು ಪುಟ್ಟ ತಲೆಯ ಭಾರ. ನಾಯಿ ನಡುಗುತ್ತಿತ್ತು. ಇಬ್ಬರೂ ಇನ್ನೂ ಸ್ವಲ್ಪ ಹೊತ್ತು ಹಾಗೇ ಇದ್ದರು.

ಪಶುವೈದ್ಯರು ಕಾಲಿಗೆ ಆರು ಹೊಲಿಗೆ ಹಾಕಿದರು. ಮನೆಗೆ ಬಂದ ಮೇಲೆ ಪೋಸ್ಟಣ್ಣ ಹಿತ್ತಲಿನ ಬೇಲಿಯನ್ನು ಸುತ್ತಿ ಸುತ್ತಿ ನೋಡಿದರು, ಆಚೆ ಕಡೆಯಿಂದಲೇ.

"ಓಡಿಹೋಗೋ ನಾಯಿಗೆ ಎರಡೇ ಕಾರಣ. ಹೊರಗೆ ಏನೋ ಬೇಕಿರುತ್ತೆ, ಇಲ್ಲ ಒಳಗೆ ಏನೋ ಸಾಲದಿರುತ್ತೆ. ಇವು ಎಷ್ಟು ಹೊತ್ತಿಗೆ ಹೋಗ್ತವೆ?"

"ಗೊತ್ತಿಲ್ಲ. ನಾನು ಮುಂದಿನ ಕೋಣೇಲಿ ಮಿಷನ್ ಮುಂದೆ ಇರ್ತೀನಿ."

"ಹೋಗೋ ಮುಂಚೆ ಏನ್ ಮಾಡ್ತವೆ?"

"ಗೊತ್ತಿಲ್ಲ ಅಂದ್ನಲ್ಲ!" ದನಿ ಏರಿತು. "ಎಂಬತ್ತು ಜೊತೆ ಬಟ್ಟೆ ಹೊಲೀಬೇಕು. ಆಸ್ಪತ್ರೆಗೆ ಊಟ ತಗೊಂಡು ಹೋಗ್ಬೇಕು. ಅವು ಏನ್ ಮಾಡ್ತವೆ ಅಂತ ನೋಡ್ತಾ ಕೂರಕ್ಕೆ ನನಗೇನು ನಾಲ್ಕು ತಲೆ ಇದೆಯಾ?"

ಪೋಸ್ಟಣ್ಣನಿಗೆ ಬೇಸರವಾದಂತೆ ಕಾಣಲಿಲ್ಲ. "ನಾಳೆ ಒಂದು ಬೆಳಿಗ್ಗೆ ನೋಡಿ. ಒಂದೇ ಒಂದು ಬೆಳಿಗ್ಗೆ. ಕುರ್ಚಿ ಹಾಕ್ಕೊಂಡು ಸುಮ್ನೆ ಕೂತ್ಕೊಳ್ಳಿ."

ಒಂದು ಬೆಳಿಗ್ಗೆ ಎಂದರೆ ಎರಡು ಜೊತೆ ಬಟ್ಟೆ. ಆದರೂ ಕೂತಳು. ಗೂಟ ಒಂದು ಸುತ್ತು ಬೇಲಿ ಮೂಸಿ ಬಂದು ಅವಳ ಪಾದದ ಮೇಲೆ ಗದ್ದ ಊರಿ ಮಲಗಿತು. ಸೂಜಿ ಪಟ್ಟಿ ಕಟ್ಟಿದ ಕಾಲೆತ್ತಿಕೊಂಡು ಕುರ್ಚಿಯ ನೆರಳಿಗೆ ಬಂತು. ಒಂಬತ್ತಾಯಿತು, ಹತ್ತಾಯಿತು, ಹನ್ನೊಂದಾಯಿತು. ಅಗೆತವಿಲ್ಲ, ಹಾರಾಟವಿಲ್ಲ. ಅವಳು ನೀರು ಕುಡಿಯಲು ಒಳಗೆ ಹೋಗಿ ಕಿಟಕಿಯಿಂದ ಇಣುಕಿದಳು. ಎರಡು ನಿಮಿಷವಾಗಿರಲಿಲ್ಲ, ಗೂಟ ಎದ್ದು ಬಾಗಿಲನ್ನು ನೋಡಿತು, ಆಕಳಿಸಿತು, ಸೀದಾ ಬೇಲಿಯ ಬುಡಕ್ಕೆ ಹೋಗಿ ಎರಡು ಚಪ್ಪಡಿಗಳ ನಡುವಿನ ಮಣ್ಣು ಕೆದರತೊಡಗಿತು.

ಅಕ್ಕ ಲೋಟ ಹಿಡಿದುಕೊಂಡು ನಿಂತೇ ಇದ್ದಳು. ಹನ್ನೊಂದು ವಾರದಿಂದ ಅವಳು ಬರೀ ಬೇಲಿಯನ್ನು ನೋಡಿಕೊಂಡಿದ್ದಳು.

ಮಧ್ಯಾಹ್ನ ವೆಲ್ಡರನ್ನು ಕರೆದು, ಅವನ ಕೈಯಲ್ಲಿ ಹೊಲಿಗೆ ಮಿಷನ್ನನ್ನು ಹಿಂದಿನ ಜಗುಲಿಗೆ ಎತ್ತಿಸಿದಳು. ಪೋಸ್ಟಣ್ಣ ಹೇಳಿದಂತೆ ಚಪ್ಪಡಿಗಳನ್ನು ತೆಗೆಸಿ ಬೇಲಿಯ ಬುಡದಲ್ಲಿ ಎರಡಡಿ ಅಗಲದ ತಂತಿಬಲೆಯನ್ನು ಒಳಮುಖವಾಗಿ ನೆಲಕ್ಕೆ ಹಾಸಿ, ಮೊಳೆ ಹೊಡೆದು, ಮೇಲೆ ಮಣ್ಣು ಮುಚ್ಚಿಸಿದಳು. "ಬೇಲಿ ಬುಡಕ್ಕೇ ಬಂದು ಅಗೆಯುತ್ತೆ, ಬಲೆ ತಾಗುತ್ತೆ; ಎರಡಡಿ ಹಿಂದೆ ನಿಂತು ಅಗೆಯೋ ಬುದ್ಧಿ ಅದಕ್ಕಿಲ್ಲ" ಎಂದಿದ್ದರು ಅವರು. ಹೊರಗಿನದು ಕಂಡರೆ ಹಾರುವ ಆಸೆ ಹೆಚ್ಚು ಎಂದಿದ್ದರಿಂದ, ಸಮವಸ್ತ್ರದ ತುಂಡು ಬಟ್ಟೆಗಳನ್ನು ಜೋಡಿಸಿ ಉದ್ದದ ಪರದೆ ಹೊಲಿದು ಬೇಲಿಗೆ ಕಟ್ಟಿದಳು. ಹಿತ್ತಲು ಆಪರೇಷನ್ ಕೋಣೆಯ ಹಾಗೆ ಹಸಿರಾಯಿತು. ಬೆಳಿಗ್ಗೆ ಕೆಲಸ ಶುರುಮಾಡುವ ಮುಂಚೆ ಎರಡಕ್ಕೂ ಹಗ್ಗ ಹಾಕಿ ಅರ್ಧ ಗಂಟೆ ನಡೆಸಿ ತರುತ್ತಿದ್ದಳು. ಬೇಡವೆಂದರೂ ಪೋಸ್ಟಣ್ಣ ಜೊತೆಗೆ ಬರುತ್ತಿದ್ದರು, ಬೀದಿಯ ಆಚೆ ಬದಿಯಲ್ಲಿ.

ಆ ಶನಿವಾರ ಆಸ್ಪತ್ರೆಗೆ ಊಟ ಒಯ್ದಾಗ ಎಲ್ಲವನ್ನೂ ಹೇಳಿಬಿಟ್ಟಳು. ಸುಳ್ಳು ಹೇಳಿದ್ದು, ಸೂಜಿ ಮೂರು ದಿನ ಇಲ್ಲದಿದ್ದದ್ದು, ಆರು ಹೊಲಿಗೆ. ತಂಗಿ ಅಳುತ್ತಾಳೆ, ಇಲ್ಲವೇ ಜಗಳಕ್ಕೆ ಬರುತ್ತಾಳೆ ಎಂದು ಕಾದಳು. ತಂಗಿ ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತ ಕೂತಳು.

"ಅಕ್ಕಾ, ಅವು ನನ್ನ ಹತ್ರಾನೂ ಓಡಿಹೋಗ್ತಿದ್ವು."

"ಏನು?"

"ಯಾವಾಗ್ಲೂ. ಬೀದಿಯವರೆಲ್ಲ ಮನೆ ಮಾಲೀಕರಿಗೆ ದೂರು ಕೊಟ್ಟಿದ್ರು. ಬೀಳೋ ಹಿಂದಿನ ವಾರಾನೇ ಮನೆ ಖಾಲಿಮಾಡು ಅಂದ್ರು. ನಿಂಗೆ ಹೇಳಿದ್ರೆ ನೀನು ಇಟ್ಕೊಳ್ತಿರ್ಲಿಲ್ಲ."

"ಸಾಧು ಪ್ರಾಣಿಗಳು ಅಂದ್ಯಲ್ಲೇ!"

"ಮಲಗಿದ್ದಾಗ ಸಾಧುಗಳೇ."

ಅಕ್ಕನಿಗೆ ಸಿಟ್ಟು ಬಂತು, ಆದರೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಶಕ್ತಿ ಬೇಕು. ಬಂದ ಸಿಟ್ಟು ಗಂಟಲಲ್ಲೇ ನಗೆಯಾಯಿತು. ಪಕ್ಕದ ಮಂಚದವರು ತಿರುಗಿ ನೋಡುವಷ್ಟು ನಕ್ಕರು ಅಕ್ಕ ತಂಗಿ. ತಂಗಿ ಸೊಂಟ ಹಿಡಿದುಕೊಂಡು "ನಗಿಸ್ಬೇಡ, ನೋಯುತ್ತೆ" ಎಂದಳು. ನಗು ನಿಂತ ಮೇಲೆ ಅಕ್ಕ ಕೇಳಿದಳು: "ಹಾಗಾದ್ರೆ ಇಲ್ಲಿಂದ ಎಲ್ಲಿಗೆ ಹೋಗ್ತೀಯ?"

ತಂಗಿ ಡಬ್ಬಿಯ ಮುಚ್ಚಳವನ್ನು ಮತ್ತೆ ಕೈಗೆತ್ತಿಕೊಂಡಳು.

"ಸರಿ ಬಿಡು" ಎಂದಳು ಅಕ್ಕ.

ಬಟ್ಟೆ ಹತ್ತು ದಿನ ತಡವಾಯಿತು. ನರ್ಸಿಂಗ್ ಹೋಮಿನವರು ಮುಂದಿನ ಸಲ ಬೇರೆಯವರಿಗೆ ಕೊಡುವುದಾಗಿ ಹೇಳಿ ಕಳಿಸಿದರು. ಸೂಜಿ ಅದಾದ ಮೇಲೂ ಒಂದೆರಡು ಸಲ ಹಾರಿತು. ಪೋಸ್ಟಣ್ಣನ ಅಡುಗೆಮನೆಯ ಬಾಗಿಲವರೆಗೆ ಹೋಗಿ, ಅವರು ಸ್ಟೂಲಿನ ಮೇಲೆ ಹತ್ತಿ ನಿಂತು ಕೂಗಿದ ಮೇಲೆ ವಾಪಸು ಬಂತು.

ತಂಗಿ ಬಂದದ್ದು ಒಂದು ಬುಧವಾರ, ಕೈಯಲ್ಲಿ ವಾಕರ್ ಹಿಡಿದು. ಜಗುಲಿಗೆ ತೆರೆದುಕೊಳ್ಳುವ ಕೋಣೆಯಲ್ಲಿ ಮಂಚ ಹಾಕಿತ್ತು. ಗೂಟ ಮಂಚದ ಕೆಳಗೆ ಹೊಕ್ಕಿದ್ದು ಆಚೆಗೇ ಬರಲಿಲ್ಲ. ಮಧ್ಯಾಹ್ನದೊಳಗೆ ತಂಗಿ ಎರಡು ಸಲ ನೀರು, ಒಂದು ಸಲ ಕನ್ನಡಕ, ಮೂರು ಸಲ ದಿಂಬು ಸರಿಮಾಡು ಎಂದು ಕೇಳಿದಳು. ನೆಟ್ಟಗೆ ಓಡಾಡಲು ಇನ್ನೂ ಆರು ತಿಂಗಳು ಬೇಕು ಎಂದಿದ್ದರು ಡಾಕ್ಟರು.

"ಎರಡೇ ಇದ್ವು, ಈಗ ಮೂರಾಯ್ತು" ಎಂದು ಗೊಣಗುತ್ತ ಅಕ್ಕ ಜಗುಲಿಯ ಮೆಟ್ಟಿಲ ಮೇಲೆ ಕೂತಳು. ಚಪ್ಪಲಿ ಕಳಚಿದರೆ ಪಾದ ಊದಿ ಪಟ್ಟಿಯ ಗುರುತು ಬಿದ್ದಿತ್ತು.

"ಅಕ್ಕಾ, ಸ್ವಲ್ಪ ಮಲ್ಕೋ. ನಾನು ನೋಡ್ಕೋತೀನಿ."

"ಏಳಕ್ಕೇ ಆಗ್ದೋಳು ನೀನೇನು ನೋಡ್ಕೋತೀಯ?"

"ಮುರಿದಿರೋದು ಸೊಂಟ. ಕಣ್ಣಿಗೇನಾಗಿದೆ?"

ಅಕ್ಕ ಎದ್ದಳು. ಒಳಗಿನಿಂದ ಚಾಪೆ ತಂದು ಮಿಷನ್ನಿನ ಪಕ್ಕದಲ್ಲೇ ಹಾಸಿದಳು. ತಂಗಿ ಸೂಜಿಗೆ ಏನೋ ಹೇಳುತ್ತಿದ್ದಳು, ಸಣ್ಣ ದನಿಯಲ್ಲಿ, ಎಡೆಬಿಡದೆ. ಏನೆಂದು ಕೇಳಿಸಿಕೊಳ್ಳುವ ಮೊದಲೇ ಅಕ್ಕನಿಗೆ ನಿದ್ದೆ ಹತ್ತಿತು.